ಸೀಸ ಪೆಟ್ಟಿಗೆಯಲ್ಲಿ, ಹುಡುಕಾಟ ಕೂದಲಲ್ಲಿ



ಕಳೆದ ಯುಗಾದಿಯ ಆರೋಗ್ಯ ಶಿಬಿರದಲ್ಲಿ ತಾಯಿಯೊಬ್ಬರು ಬಣ್ಣಬಣ್ಣದ ವರದಿಯೊಂದನ್ನು ನನ್ನ ಮುಂದಿಟ್ಟರು. ಆಟಿಸಂ ಇರುವ ಮಗನ ಕೂದಲನ್ನು ಅಂಚೆಯಲ್ಲಿ ಕಳುಹಿಸಿ ಮಾಡಿಸಿದ ಪರೀಕ್ಷೆ ಅದು. ಪಾದರಸ, ಸೀಸ, ಅಲ್ಯೂಮಿನಿಯಂ ಮೂರೂ ಕೆಂಪು ಪಟ್ಟಿಯಲ್ಲಿದ್ದವು. "ಡಾಕ್ಟ್ರೇ, ಕೀಲೇಷನ್ ಮಾಡಿಸಿದರೆ ಮಾತು ಬರುತ್ತದಂತೆ, ಹೌದೇ?" ಎಂದು ಕೇಳಿದರು. ಆ ತಾಯಿಯ ಮೇಲೆ ನನಗೆ ಕೋಪವಿಲ್ಲ. ಅವರ ಆಸೆಯನ್ನೇ ಸರಕಾಗಿಸಿಕೊಂಡವರ ಮೇಲಿದೆ.

ಲೋಹಗಳ ಅಸಮತೋಲನದಿಂದ ದೀರ್ಘಕಾಲದ ಕಾಯಿಲೆ ಬರುತ್ತದೆಂಬುದು ಸುಳ್ಳಲ್ಲ. ವಿಲ್ಸನ್ ಕಾಯಿಲೆಯಲ್ಲಿ ತಾಮ್ರವು ಯಕೃತ್ತು ಮತ್ತು ಮಿದುಳಿನಲ್ಲಿ ಶೇಖರವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಇಂಥ ನೂರಾರು ರೋಗಿಗಳನ್ನು ಕಂಡಿದೆ. ಪೆನಿಸಿಲಮೈನ್ ಅಥವಾ ಸತುವಿನ ಔಷಧವನ್ನು ಬೇಗ ಆರಂಭಿಸಿ ಜೀವನಪರ್ಯಂತ ಮುಂದುವರಿಸಿದರೆ ಹಲವರು ಸಹಜ ಬಾಳು ಬಾಳುತ್ತಾರೆ. ನಮ್ಮ ಹೆಣ್ಣುಮಕ್ಕಳಲ್ಲಿ ಕಬ್ಬಿಣದ ಕೊರತೆಯಂತೂ ಸರ್ವೇಸಾಮಾನ್ಯ. ಆದರೆ ಇವನ್ನು ತಿಳಿಸುವುದು ರಕ್ತ, ಮೂತ್ರಗಳ ಪ್ರಮಾಣಿತ ಪರೀಕ್ಷೆಗಳೇ ಹೊರತು ಅಂಚೆಗೆ ಹಾಕಿದ ಕೂದಲಲ್ಲ. 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರೋಗ್ಯವಂತರೊಬ್ಬರ ಕೂದಲನ್ನು ಅಮೆರಿಕದ 6 ಪ್ರಯೋಗಾಲಯಗಳಿಗೆ ಕಳುಹಿಸಲಾಗಿತ್ತು. ಹನ್ನೆರಡು ಖನಿಜಗಳ ಅಂಕಿಗಳು ಒಂದಕ್ಕೊಂದು ಹತ್ತು ಪಟ್ಟಿಗೂ ಮೀರಿ ವ್ಯತ್ಯಾಸವಾಗಿದ್ದವು! ಇಂಥ ಕಾಗದವನ್ನು ನಂಬಿ ಮಗುವಿನ ರಕ್ತನಾಳಕ್ಕೆ ಸೂಜಿ ಚುಚ್ಚಬೇಕೆ?

2005ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ 5 ವರ್ಷದ ಬಾಲಕನೊಬ್ಬ ಕೀಲೇಷನ್ ವೇಳೆ ಅಸುನೀಗಿದ. ಕೊಟ್ಟ ಔಷಧ ರಕ್ತದ ಕ್ಯಾಲ್ಸಿಯಂ ಅನ್ನೇ ಸೆಳೆದುಕೊಂಡು ಹೃದಯವನ್ನು ನಿಲ್ಲಿಸಿತ್ತು. ಆಟಿಸಂ ಕೀಲೇಷನ್‌ನಿಂದ ವಾಸಿಯಾಗುತ್ತದೆಂಬುದಕ್ಕೆ ಆಧಾರವಿಲ್ಲ. ಹಿರಿಯರಿಗೂ ಒಂದು ಮಾತು: ಹೃದಯಾಘಾತವಾಗಿದ್ದ ಮಧುಮೇಹಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಕೀಲೇಷನ್‌ನಿಂದ ರಕ್ತದ ಸೀಸವೇನೋ ಇಳಿಯಿತು, ಹೃದಯಕ್ಕೆ ಲಾಭವಾಗಲಿಲ್ಲ.

ಇನ್ನು ನಮ್ಮದೇ ಮನೆಯ ವಿಚಾರ. ಊರಿನಿಂದ ಬರುವಾಗ ಪೆಟ್ಟಿಗೆಯಲ್ಲಿ ಏನೇನು ತರುತ್ತೇವೆ? 2004ರಲ್ಲಿ ಬಾಸ್ಟನ್ ಸುತ್ತಲಿನ ದಕ್ಷಿಣ ಏಷ್ಯಾದ ಅಂಗಡಿಗಳಿಂದ ಕೊಂಡ 70 ಆಯುರ್ವೇದ ಔಷಧಗಳ ಪೈಕಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಪತ್ತೆಯಾಯಿತು. ಕೆಲವು ಸುರ್ಮಾ, ಕಾಡಿಗೆ, ಸಿಂಧೂರಗಳಲ್ಲೂ ಸೀಸವಿರುತ್ತದೆ. "ಭಸ್ಮವನ್ನು ಶೋಧಿಸಿ, ಪುಟವಿಟ್ಟು ನಿರ್ವಿಷಗೊಳಿಸಿರುತ್ತಾರೆ" ಎನ್ನುವವರಿದ್ದಾರೆ. ಶಾಸ್ತ್ರದ ಬಗ್ಗೆ ನನಗೂ ಗೌರವವಿದೆ. ಆದರೆ ಶೀಶೆಯೊಳಗಿನ ಸೀಸ ಶಾಸ್ತ್ರವನ್ನು ಓದಿರುವುದಿಲ್ಲ. ಬೆಣ್ಣೆಯನ್ನು ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದಂತೆ, ನಾವು ಸೀಸವನ್ನು ಮನೆಯಲ್ಲಿಟ್ಟುಕೊಂಡು ಮಗುವಿನ ಕೂದಲಲ್ಲಿ ಹುಡುಕುತ್ತಿದ್ದೇವೆ.

ಅನುಮಾನವಿದ್ದರೆ ನಿಮ್ಮ ಮಕ್ಕಳ ವೈದ್ಯರಲ್ಲಿ ರಕ್ತದ ಸೀಸದ ಪರೀಕ್ಷೆಯನ್ನು ಕೇಳಿ. ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚಿದ್ದರೆ ಸೀಸದ ಮೂಲವನ್ನು ಪತ್ತೆಹಚ್ಚಿ ದೂರಮಾಡುವುದೇ ಮೊದಲ ಚಿಕಿತ್ಸೆ. ಮಕ್ಕಳಿಗೆ ಕೀಲೇಷನ್ ಸಾಮಾನ್ಯವಾಗಿ 45 ದಾಟಿದಾಗ, ಅದೂ ತಜ್ಞರ ಕಣ್ಣೆದುರಿನಲ್ಲಿ.

ಆ ತಾಯಿಗೆ ನಾನು "ಇಲ್ಲ" ಎಂದೆ. ವಾಕ್ ಚಿಕಿತ್ಸೆಯ ದಾರಿ ತೋರಿಸಿದೆ. "ಇಲ್ಲ" ಎನ್ನುವುದು ಕಷ್ಟವಾಯಿತು. ಆದರೆ "ಹೌದು" ಎಂದು ಹೇಳಿ ಹಣ ಪಡೆಯುವವರು ನಮ್ಮ ನಡುವೆ ಇರುವಾಗ, ಸಂಘದ ವೈದ್ಯರು ಸುಮ್ಮನಿರುವುದು ಸೌಜನ್ಯವಲ್ಲ, ಅಪರಾಧ. ಮುಂದಿನ ಶಿಬಿರಕ್ಕೆ ನಿಮ್ಮ ಮನೆಯ ಭಸ್ಮ, ಲೇಹ್ಯ, ಕಾಡಿಗೆಗಳ ಶೀಶೆಗಳನ್ನು ಸಂಕೋಚವಿಲ್ಲದೆ ತನ್ನಿ. ಒಟ್ಟಿಗೆ ಕುಳಿತು ನೋಡೋಣ.

ಇಂತು,
ನಿಮ್ಮ ಸ್ವಯಂಸೇವಕ ವೈದ್ಯ