ಆಕಾಶದಿಂದ ಬೆಳೆಯ ಪರೀಕ್ಷೆಯೂ ಗ್ರಾಮದ ಹೊಣೆಯೂ

ಕಲಬುರಗಿ ಜಿಲ್ಲೆಯ ತೊಗರಿಯ ಹೊಲಗಳನ್ನು ಉಪಗ್ರಹಗಳು ನೋಡುತ್ತಿರುವುದು ಹೊಸ ಸಂಗತಿಯಲ್ಲ. ಆದರೆ ಅವುಗಳಿಗೆ ಏನು ಕಾಣುವುದು, ಏನು ಕಾಣದು ಎಂಬುದನ್ನು ಗ್ರಾಮಮುಖ್ಯಸ್ಥರೂ ಜಮೀನುದಾರರೂ ತಿಳಿದಿರುವುದು ಅತ್ಯವಶ್ಯಕವು; ಏಕೆಂದರೆ ಈ ವಿದ್ಯೆಯು ಬೆಳೆವಿಮೆಯ ಲೆಕ್ಕದೊಳಕ್ಕೆ ಪ್ರವೇಶಿಸಿರುವುದು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ 2023ರ ಮುಂಗಾರಿನಿಂದ ಭತ್ತಕ್ಕೂ, ಆ ವರ್ಷದ ಹಿಂಗಾರಿನಿಂದ ಗೋಧಿಗೂ, ಇಳುವರಿಯ ನಿರ್ಧಾರದಲ್ಲಿ ಶೇಕಡಾ 30ಕ್ಕೆ ಕಡಮೆಯಿಲ್ಲದ ಪಾಲನ್ನು ಇಂಥ ತಾಂತ್ರಿಕ ಅಂದಾಜಿಗೆ ಕೊಡಬೇಕೆಂದು ವಿಧಿಸಲಾಯಿತು. ತೊಗರಿಗೆ ಇದನ್ನು ಅನ್ವಯಿಸುವಲ್ಲಿ ಏನೇನು ತೊಡಕುಗಳುಂಟೆಂಬುದನ್ನು ಆಲೋಚಿಸುವುದು ಲೇಸು.

ಹಸುರೆಲೆಯು ಬೆಳಕಿನ ಕೆಂಪು ಕಿರಣವನ್ನು ಆಹಾರಕ್ಕಾಗಿ ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹೇರಳವಾಗಿ ಹಿಂದಕ್ಕೆ ಕಳುಹಿಸುವುದು. ಸೊರಗಿದ ಎಲೆಯಲ್ಲಿ ಈ ಅಂತರವು ಕುಗ್ಗುವುದು. ಅಂತರವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಸಸ್ಯಸೂಚ್ಯಂಕವು. 1970ರ ಸುಮಾರಿಗೆ ಪಿ. ಆರ್. ಪಿಷಾರೋಟಿಯವರು ಕೇರಳದ ತೆಂಗಿನ ತೋಟಗಳ ಅವಕೆಂಪು ಛಾಯಾಚಿತ್ರಗಳನ್ನು ಹೆಲಿಕಾಪ್ಟರಿನಿಂದ ತೆಗೆಯಿಸಿ, ಬೇರುಸೊರಗು ರೋಗವನ್ನು ಶೋಧಿಸಿದುದೇ ಭಾರತದಲ್ಲಿ ಈ ವಿದ್ಯೆಗೆ ನಾಂದಿಯಾಯಿತು. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಜೋಡಿಯು ಐದು ದಿನಗಳಿಗೊಮ್ಮೆ ಅದೇ ಸ್ಥಳವನ್ನು ಚಿತ್ರಿಸುವುದು. ಅದರ ಒಂದು ಚುಕ್ಕೆಯು 10 ಮೀಟರು ಉದ್ದ, 10 ಮೀಟರು ಅಗಲ. ರೈತನ ಲೆಕ್ಕದಲ್ಲಿ ಹೆಚ್ಚುಕಡಮೆ ಒಂದು ಗುಂಟೆ.

ತೊಡಕಿರುವುದು ಈ ಗುಂಟೆಯಲ್ಲಿಯೇ. ನೆಟೆರೋಗವು ಹೊಲವೆಲ್ಲವನ್ನೂ ಒಮ್ಮೆಗೇ ಹಿಡಿಯದು. ಅಲ್ಲೊಂದು ಇಲ್ಲೊಂದು ಗಿಡವು ಒಣಗುತ್ತ ಹಬ್ಬುವುದು. ಗುಂಟೆಯಲ್ಲಿ ನಾಲ್ಕು ಗಿಡಗಳು ಸತ್ತರೆ ಉಳಿದವುಗಳ ಹಸುರು ಅದನ್ನು ಮರೆಮಾಡುವುದು. ಒಣಗಿದುದು ಕಂಡರೂ, ನೆಟೆಯಿಂದಲೋ, ತೇವದ ಕೊರತೆಯಿಂದಲೋ, ಕಾಯಿ ಬಲಿತು ಎಲೆ ಉದುರಿದುದರಿಂದಲೋ ಎಂಬುದನ್ನು ಆ ಸಂಖ್ಯೆಯೊಂದೇ ಹೇಳಲಾರದು. ಕಾಯಿಕೊರಕದ ವಿಷಯವಂತೂ ಇನ್ನೂ ಕಠಿಣವಾದುದು: ಹುಳುವು ಕಾಳನ್ನು ತಿಂದು ಮುಗಿಸಿದ್ದರೂ ಎಲೆಯು ಹಸುರಾಗಿಯೇ ಇರುವುದರಿಂದ, ಆಕಾಶದಿಂದ ನೋಡಿದರೆ ಬೆಳೆಯು ಸೊಗಸಾಗಿ ತೋರುವುದು. 2022ರ ಮುಂಗಾರಿನಲ್ಲಿ ನೆಟೆಯಿಂದ ತೊಗರಿಯನ್ನು ಕಳೆದುಕೊಂಡವರಿಗೆ ಇದರ ಗಂಭೀರತೆಯನ್ನು ವಿವರಿಸಬೇಕಾಗಿಲ್ಲ. ಒಂದು ಅನುಕೂಲವೂ ಉಂಟು. ಹೆಸರು, ಉದ್ದುಗಳು ಮೋಡದ ಮರೆಯಲ್ಲಿಯೇ ಬಲಿತು ಕಟಾವಾಗುವುವು. ತೊಗರಿಯಾದರೋ ಮಳೆ ಕಳೆದು ಆಕಾಶ ತಿಳಿಯಾದ ಮೇಲೆಯೂ ಹೊಲದಲ್ಲಿ ನಿಂತಿರುವುದು.

ಇದೇ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆಯಲ್ಲಿ ತೊಡಕು ಬೇರೊಂದು ಬಗೆಯದು. ಎಲೆಯ ಮೇಲೆ ಎಲೆ ದಟ್ಟವಾದ ಬಳಿಕ ಸೂಚ್ಯಂಕವು ಏರದೆ ನಿಂತುಬಿಡುವುದರಿಂದ, ಚೆನ್ನಾಗಿ ಗೊಬ್ಬರವುಂಡ ತೋಟಕ್ಕೂ ಸಾಧಾರಣ ತೋಟಕ್ಕೂ ಭೇದವು ತೋರದು.

ಉಪಗ್ರಹಕ್ಕೆ ದೊಡ್ಡವನು, ಚಿಕ್ಕವನು ಎಂಬ ಪಕ್ಷಪಾತವಿಲ್ಲವೆಂದು ಕೆಲವು ಜಮೀನುದಾರರು ವಾದಿಸುವರು. ಆ ಮಾತು ನಿಜವೇ. ಪಂಚಾಯಿತಿಗೆ ನಾಲ್ಕು ಕಟಾವು ಪರೀಕ್ಷೆಗಳು ಸಾಲವೆಂಬುದೂ ನಿಜ. ಆದರೆ ಆ ನಾಲ್ಕನ್ನು ಎಲ್ಲೆಲ್ಲಿ ಮಾಡಬೇಕೆಂದು ಆರಿಸಲು ಚಿತ್ರವನ್ನು ಉಪಯೋಗಿಸುವುದು ಯುಕ್ತವೇ ಹೊರತು, ಕಟಾವನ್ನೇ ಬಿಟ್ಟು ಚಿತ್ರವನ್ನು ನಂಬುವುದು ಯುಕ್ತವಲ್ಲ. ಚಿತ್ರದಿಂದ ಯಾವ ರೈತನ ಪರಿಹಾರವು ಕಡಮೆಯಾಗುವುದಾದರೂ, ಅದನ್ನು ಮೊದಲು ಗ್ರಾಮಸಭೆಯಲ್ಲಿ ತೋರಿಸಬೇಕು.

ಹಾಗೆ ತೋರಿಸಿದಾಗ ಉತ್ತರ ಕೊಡಲು ಗ್ರಾಮದಲ್ಲಿಯೂ ದಾಖಲೆಯಿರಬೇಕಷ್ಟೆ. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ಬೆಳೆಯ ಹೆಸರೂ ಚಿತ್ರವೂ ಸೇರುವುವು, ಅಷ್ಟರಿಂದ ಸಾಲದು. ಪ್ರತಿ ಗ್ರಾಮದ ಮುಖ್ಯಸ್ಥರೂ ಹತ್ತು ಹೊಲಗಳನ್ನಾದರೂ ಆರಿಸಿ, ಸರ್ವೆ ನಂಬರು, ಬಿತ್ತಿದ ದಿನ, ಟಿಎಸ್-3ಆರ್ ಮೊದಲಾದ ತಳಿಯ ಹೆಸರು, ಅಕ್ಕಡಿ ಬೆಳೆ, ನೆಟೆಯು ಮೊದಲು ಕಂಡ ದಿನ, ಕಡೆಗೆ ದೊರೆತ ಕಾಳಿನ ತೂಕ ಇವುಗಳನ್ನು ಒಂದು ಪುಸ್ತಕದಲ್ಲಿ ಬರೆಯಿಸಬೇಕು. ದೂರಸಂವೇದನವನ್ನು ಅಭ್ಯಾಸಮಾಡಲು ಬರುವ ವಿದ್ಯಾರ್ಥಿಗಳಿಗೂ ಈ ಪುಸ್ತಕಕ್ಕಿಂತ ಉಪಯುಕ್ತವಾದ ಸಾಮಗ್ರಿಯು ದೊರೆಯದು. ಬದುವಿನ ಮರಗಳ ಹಸುರು ಬೆರೆಯದಂತೆ, ಬದುವಿನಿಂದ ಎರಡು ಚುಕ್ಕೆಗಳಷ್ಟು, ಎಂದರೆ ಸುಮಾರು 20 ಮೀಟರು ಒಳಕ್ಕೆ ಬಂದು ಹೊಲದ ಗುರುತನ್ನು ಹಾಕತಕ್ಕದ್ದು.