ಪುಟ ತೆರೆಯಲು ಇಷ್ಟೇಕೆ ಹೊತ್ತು?

ಜಾಲತಾಣ ನಿಧಾನವಾಗಿದೆ ಎಂಬ ದೂರು ಬಂದ ಕೂಡಲೇ ಬಹಳ ಕಡೆ ಇನ್ನೂ ದೊಡ್ಡ ಸರ್ವರ್‌ಗೆ ದುಡ್ಡು ಕಟ್ಟುತ್ತಾರೆ. ಇಲ್ಲವೇ ವೇಗ ಹೆಚ್ಚಿಸುವ ಭರವಸೆ ಕೊಡುವ ಮತ್ತೊಂದು ಪ್ಲಗಿನ್ ಜೋಡಿಸುತ್ತಾರೆ. ತಡ ಎಲ್ಲಿ ಆಗುತ್ತಿದೆ, ಯಾರಿಗೆ ಆಗುತ್ತಿದೆ ಎಂದು ಅಳೆದು ನೋಡುವ ಕೆಲಸ ಮಾತ್ರ ಹಾಗೇ ಉಳಿಯುತ್ತದೆ.

ಅಳೆಯುವಾಗಲೂ ಎಚ್ಚರ ಬೇಕು. 2009ರ ಸುಮಾರಿಗೆ ಯೂಟ್ಯೂಬಿನ ಎಂಜಿನಿಯರ್ ಕ್ರಿಸ್ ಜಕರಾಯಸ್ ಅಲ್ಲಿನ ವಿಡಿಯೊ ಪುಟವನ್ನು ಹಗುರ ಮಾಡಲು ಕುಳಿತರು. ಸೌಲಭ್ಯದ ಮೇಲೆ ಸೌಲಭ್ಯ ಸೇರಿ ಅದು 1.2 ಎಂಬಿಗೆ ಉಬ್ಬಿತ್ತು. ಅವರು 98 ಕೆಬಿಗೆ ಇಳಿಸಿದರು. ಕೆಲವು ಬಳಕೆದಾರರಿಗೆ ಬಿಟ್ಟು ಒಂದು ವಾರದ ಲೆಕ್ಕ ತೆಗೆದರೆ, ಕಾಯುವ ಸರಾಸರಿ ಸಮಯ ಏರಿಬಿಟ್ಟಿತ್ತು! ಅಂಕಿಗಳನ್ನು ಪ್ರದೇಶವಾರು ಬಿಡಿಸಿದಾಗ ಕಾರಣ ಹೊಳೆಯಿತು. ಆಗ್ನೇಯ ಏಷ್ಯಾ, ದಕ್ಷಿಣ ಅಮೆರಿಕ, ಆಫ್ರಿಕಾ, ಸೈಬೀರಿಯಾಗಳಿಂದ ಹೊಸಬರು ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದ್ದರು. ಅವರಿಗೆ ಹಗುರ ಪುಟಕ್ಕೇ 2 ನಿಮಿಷ ಹಿಡಿಯುತ್ತಿತ್ತು. ಹಳೆಯದಕ್ಕೆ 20 ನಿಮಿಷ ಬೇಕಾಗುತ್ತಿದ್ದುದರಿಂದ ಅವರು ಅಲ್ಲಿಯವರೆಗೆ ಯಾವ ಲೆಕ್ಕಕ್ಕೂ ಸಿಕ್ಕಿರಲಿಲ್ಲ.

ನಮ್ಮ ವಿಶ್ವವಿದ್ಯಾಲಯ, ಇಲಾಖೆ, ಪತ್ರಿಕೆಗಳ ತಾಣ ನಡೆಸುವವರು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕು. ಬೆಂಗಳೂರಿನ ಕಚೇರಿಯ ವೈಫೈನಲ್ಲಿ, ದಿನವೂ ಅದೇ ತಾಣ ತೆರೆಯುವ ಕಂಪ್ಯೂಟರಿನಲ್ಲಿ ಪರೀಕ್ಷಿಸಿದರೆ ಎಲ್ಲವೂ ಸರಾಗವಾಗಿಯೇ ಕಾಣುತ್ತದೆ. ಬೇಕಾದ ಕಡತಗಳಲ್ಲಿ ಬಹುಪಾಲು ಆ ಬ್ರೌಸರಿನಲ್ಲೇ ಉಳಿದಿರುತ್ತವೆ. ಮಲೆನಾಡಿನ ಹಳ್ಳಿಯಲ್ಲಿ ಕಡಿಮೆ ಬೆಲೆಯ ಫೋನ್ ಹಿಡಿದು ಫಲಿತಾಂಶ ಹುಡುಕುವ ವಿದ್ಯಾರ್ಥಿಯ ಅನುಭವ ಬೇರೆ. ಅಳೆಯಬೇಕಾದದ್ದು ಆ ಫೋನಿನಲ್ಲಿ.

ಅಳೆಯುವ ಸಾಧನಗಳಿಗೆ ಖರ್ಚೇನೂ ಇಲ್ಲ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಇರುವ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಭಾಗ ತೆರೆದರೆ ಯಾವ ಕಡತಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂಬುದು ಸಾಲುಸಾಲಾಗಿ ಕಾಣುತ್ತದೆ. ಸರ್ವರ್‌ನ ಉತ್ತರದ ಮೊದಲ ಬೈಟ್ 0.8 ಸೆಕೆಂಡಿನೊಳಗೆ ಬರುವುದು ಒಳ್ಳೆಯದು ಎನ್ನುತ್ತದೆ ಗೂಗಲ್. ಅದಕ್ಕೇ ನಾಲ್ಕೈದು ಸೆಕೆಂಡ್ ಹಿಡಿದರೆ ಮೊದಲು ಸರ್ವರ್, ಡೇಟಾಬೇಸ್‌ಗಳ ಕಡೆ ನೋಡಬೇಕು. ಇಪ್ಪತ್ತು ಲೇಖನಗಳ ಪಟ್ಟಿಗೆ ಒಂದು ಪ್ರಶ್ನೆ, ಆಮೇಲೆ ಪ್ರತಿ ಲೇಖಕರ ಹೆಸರಿಗೆ ಮತ್ತೊಂದು, ಹೀಗೆ 21 ಸಲ ಡೇಟಾಬೇಸ್ ಕೇಳುವ ಕೋಡ್ ತೀರಾ ಸಾಮಾನ್ಯ. ಇದನ್ನು ಒಂದೆರಡು ಪ್ರಶ್ನೆಗೆ ಇಳಿಸಬಹುದು. ಮೊದಲ ಬೈಟ್ ಬೇಗ ಬಂದೂ ಪುಟ ಖಾಲಿಯೇ ಇದ್ದರೆ ತಡ ಆಗುತ್ತಿರುವುದು ಸ್ಕ್ರಿಪ್ಟು, ಚಿತ್ರ, ಜಾಹೀರಾತುಗಳಲ್ಲಿ. ಅಂಥ ಕಡೆ ಸರ್ವರ್‌ಗೆ ಸುರಿದ ಹಣ ವ್ಯರ್ಥ.

ವರ್ಷಗಟ್ಟಲೆ ತಿದ್ದಿ, ತೇಪೆ ಹಚ್ಚಿದ ತಾಣಗಳಲ್ಲಿ ಯಾವ ತುಂಡನ್ನು ಯಾರು ಹಾಕಿದರು ಎಂಬುದೇ ಯಾರಿಗೂ ನೆನಪಿರುವುದಿಲ್ಲ. ತಾಣದ ನಕಲು ಪ್ರತಿ ಮಾಡಿಕೊಂಡು ಅರ್ಧದಷ್ಟು ಪ್ಲಗಿನ್‌ಗಳನ್ನು ನಿಲ್ಲಿಸಿ ಅಳೆಯಬೇಕು, ತಡಕ್ಕೆ ಕಾರಣವಾದ ಅರ್ಧವನ್ನು ಮತ್ತೆ ಅರ್ಧ ಮಾಡಬೇಕು. ತಪ್ಪು ಒಂದರಲ್ಲೇ ಇದ್ದರೆ ನಲವತ್ತು ಪ್ಲಗಿನ್‌ಗಳಿದ್ದರೂ ಹೆಚ್ಚೆಂದರೆ ಆರು ಸುತ್ತಿನಲ್ಲಿ ಸಿಕ್ಕಿಬೀಳುತ್ತದೆ.

ಸಿಕ್ಕಿದ್ದನ್ನು ತೆಗೆದುಹಾಕುವ ಧೈರ್ಯವೂ ಬೇಕು. 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಜಾರಿಗೆ ಬಂದಾಗ ಅಮೆರಿಕದ ‘ಯುಎಸ್‌ಎ ಟುಡೇ’ ಪತ್ರಿಕೆ ಯುರೋಪಿನ ಓದುಗರಿಗೆಂದು ಜಾಹೀರಾತು, ಓದುಗರ ಜಾಡು ಹಿಡಿಯುವ ಸ್ಕ್ರಿಪ್ಟುಗಳಿಲ್ಲದ ತಾಣ ಕೊಟ್ಟಿತು. 5.2 ಎಂಬಿಯ ಪುಟ 500 ಕೆಬಿಗೆ ಇಳಿಯಿತು. ಜಾಹೀರಾತಿಲ್ಲದೆ ಪತ್ರಿಕೆ ನಡೆಯುವುದಿಲ್ಲ, ನಿಜ. ಆದರೆ ಸುದ್ದಿಯ ಹತ್ತು ಪಟ್ಟು ಹೊರೆಯನ್ನು ಓದುಗರ ಡೇಟಾ ಪ್ಯಾಕ್ ಮೇಲೆ ಹೇರುವ ಹಕ್ಕು ಯಾರಿಗೂ ಇಲ್ಲ.

ಕನ್ನಡದ ತಾಣಗಳು ಫಾಂಟನ್ನೂ ಗಮನಿಸಬೇಕು. ಒತ್ತಕ್ಷರ, ಗುಣಿತಾಕ್ಷರಗಳ ರೂಪಗಳೆಲ್ಲ ಸೇರಿ ಕನ್ನಡ ಫಾಂಟಿನ ಕಡತ ದೊಡ್ಡದಾಗುತ್ತದೆ. ತೆಳು, ದಪ್ಪ ಎಂದು ನಾಲ್ಕು ಬಗೆ ಬಳಸಿದರೆ ಸಾಮಾನ್ಯವಾಗಿ ನಾಲ್ಕು ಕಡತ ಇಳಿಯಬೇಕು. ಅವು ಇಳಿಯುವಾಗ ಕ್ರೋಮ್ ಮೂರು ಸೆಕೆಂಡುಗಳವರೆಗೆ ಅಕ್ಷರಗಳನ್ನೇ ತೋರಿಸದೆ ಕಾಯುತ್ತದೆ. ಸಿಎಸ್ಎಸ್ ಕಡತದಲ್ಲಿ ಫಾಂಟಿಗೆ ಕಾಯಬೇಡ ಎಂದು ಹೇಳುವ ಒಂದು ಸಾಲು ಸೇರಿಸಿದರೆ ಫೋನಿನಲ್ಲಿರುವ ಕನ್ನಡ ಫಾಂಟಿನಲ್ಲೇ ಸುದ್ದಿ ತಕ್ಷಣ ಮೂಡುತ್ತದೆ. ತಾಣದ ಫಾಂಟ್ ಇಳಿದ ಮೇಲೆ ಅಕ್ಷರದ ರೂಪ ಬದಲಾಗುತ್ತದೆ.