ದೀವಟಿಗೆ ಹಿಡಿದವರೆಲ್ಲ ಖಳರೇ?

ಹೋದ ಮಾರ್ಚಿನಲ್ಲಿ ಊರಿಗೆ ಹೋಗಿದ್ದೆ. ಹೆಬ್ರಿ ಹತ್ತಿರ ನಮ್ಮ ಅಜ್ಜಿ ಮನೆ. ಹತ್ತನೆಯ ತನಕ ನಾನು ಕನ್ನಡ ಶಾಲೆಯಲ್ಲಿ ಓದಿದ್ದು ಅಲ್ಲೇ. ವರ್ಷಕ್ಕೊಮ್ಮೆ ಆಗುವ ನೇಮವನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಬಂದಿದ್ದೆ. ಗೋರೆಗಾಂವಿಗೆ ವಾಪಸು ಬಂದ ಮೇಲೆ ಒಂದು ಸಂಜೆ ಸ್ಟೇಷನ್ ಹತ್ತಿರ ಚಹಾ ಕುಡಿಯುತ್ತಾ ಅದನ್ನು ನಮ್ಮ ಕ್ಲಾಸಿನ ಗೆಳೆಯನೊಬ್ಬನಿಗೆ ತೋರಿಸಿದೆ. ಮರಾಠಿ ಹುಡುಗ, ಒಳ್ಳೆಯವನು, ನನಗಿಂತ ಚೆನ್ನಾಗಿ ಅಕೌಂಟ್ಸ್ ಬರುತ್ತದೆ. ರಾತ್ರಿ ಹೊತ್ತು, ಸುತ್ತ ಕಾಡು, ಗದ್ದೆ ನಡುವೆ ದೀವಟಿಗೆ, ಅರದಾಳ ಬಳಿದ ಮುಖ, ಬೆನ್ನಿಗೆ ಅಣಿ, ಕೈಯಲ್ಲಿ ಕತ್ತಿ, ಕಾಲಲ್ಲಿ ಗಗ್ಗರ. ಅವನು ಅರ್ಧ ನಿಮಿಷ ನೋಡಿ, "ಅರೇ, ಇದು ಥೇಟ್ ರೆಸಿಡೆಂಟ್ ಈವಿಲ್! ಈಗ ಇವರೆಲ್ಲ ಓಡಿ ಬಂದು ನಮ್ಮ ಮೇಲೆ ಬೀಳ್ತಾರಲ್ವಾ?" ಅಂತ ನಕ್ಕ.

ನಾನೂ ನಕ್ಕೆ. ಮನೆಗೆ ಬಂದು ಮತ್ತೊಮ್ಮೆ ನೋಡಿದರೆ, ಆ ಜನರ ನಡುವೆ ಚಾಪೆ ಮೇಲೆ ಕೂತು ಕೈಮುಗಿದಿರುವವಳು ನಮ್ಮ ಅಜ್ಜಿ. ಅಷ್ಟು ಹೊತ್ತಿಗೆ ನಗು ಇಳಿದಿತ್ತು. ಈ ಲೇಖನ ಬರೆಯಲಿಕ್ಕೆ ಕಾರಣ ಇಷ್ಟೇ.

ಗೆಳೆಯರೇ, ವಿಡಿಯೋ ಗೇಮ್ ಅಂದ ಕೂಡಲೇ "ಸಾಹಿತ್ಯ ಸಂಘದ ಪತ್ರಿಕೆಗೆ ಇದೆಲ್ಲ ಯಾಕಪ್ಪಾ?" ಅಂತ ಮೂಗು ಮುರಿಯಬೇಡಿ. ಕಾದಂಬರಿ ಓದುವವರು ನಮ್ಮಲ್ಲಿ ಎಷ್ಟು ಮಂದಿ, ಗೇಮ್ ಆಡುವವರು ಎಷ್ಟು ಮಂದಿ ಅಂತ ನಿಮ್ಮ ಬೆಂಚನ್ನೇ ಒಮ್ಮೆ ಎಣಿಸಿ ನೋಡಿ. ನಮ್ಮ ವಯಸ್ಸಿನವರ ತಲೆಯೊಳಗೆ ಹಳ್ಳಿ ಎಂದರೆ ಏನು ಎಂಬ ಚಿತ್ರ ಈಗ ಬರುವುದು ಹೆಚ್ಚಾಗಿ ಅಲ್ಲಿಂದ.

ಗೆಳೆಯ ಹೇಳಿದ ಆಟವನ್ನು ನಾನೂ ಆಡಿದ್ದೇನೆ. ಸುಳ್ಳು ಯಾಕೆ, ಖುಷಿಯಿಂದ ಆಡಿದ್ದೇನೆ. ರೆಸಿಡೆಂಟ್ ಈವಿಲ್ 4 ಜಪಾನಿನ ಕ್ಯಾಪ್‌ಕಾಮ್ ಕಂಪನಿಯದು. ಮೊದಲು 2005ರಲ್ಲಿ ಬಂತು, 2023ರಲ್ಲಿ ಹೊಸದಾಗಿ ಮಾಡಿ ಬಿಟ್ಟರು. ಅಮೆರಿಕದ ಸರಕಾರದ ಒಬ್ಬ ಏಜೆಂಟ್ ಸ್ಪೇನಿನ ಒಂದು ಮೂಲೆ ಹಳ್ಳಿಗೆ ಹೋಗುತ್ತಾನೆ. ಅಲ್ಲಿನ ರೈತರು ಪಿಕಾಸಿ, ಕೊಡಲಿ, ದೊಂದಿ ಹಿಡಿದು ಮೇಲೆ ಬೀಳುತ್ತಾರೆ. ಒಂದು ಗುಪ್ತ ಪಂಥದ ಮುಖಂಡ ಅವರ ಮೈಯೊಳಗೆ ಪರೋಪಜೀವಿ ಹುಳ ಸೇರಿಸಿ ಅವರನ್ನು ಕೈಗೊಂಬೆ ಮಾಡಿಕೊಂಡಿದ್ದಾನೆ. ಆ ಹಳ್ಳಿಗರಿಗೆ ಆಟದಲ್ಲಿ ಇಟ್ಟ ಹೆಸರು 'ಗನಾದೋ'. ಸ್ಪ್ಯಾನಿಷ್ ಭಾಷೆಯಲ್ಲಿ ಅದರ ಅರ್ಥ ದನಕರು. ನೋಡಿ, ಕಥೆಯ ಪ್ರಕಾರ ಅವರು ಮೋಸ ಹೋದ ಬಡವರು. ಆದರೆ ಆಡುವವನ ಕೆಲಸ ಅವರನ್ನು ಒಬ್ಬೊಬ್ಬರಾಗಿ ಕೆಡವುವುದು. ಹುಳ ಒಳಗಿದೆ ಅಂದಮೇಲೆ ಪಾಪ ಪುಣ್ಯದ ಪ್ರಶ್ನೆಯೇ ಬರುವುದಿಲ್ಲ.

ಇದೊಂದೇ ಅಲ್ಲ. 2017ರ ಔಟ್‌ಲಾಸ್ಟ್ 2 ಅಮೆರಿಕದ ಆರಿಜೋನಾ ಮರುಭೂಮಿಯ ಹಳ್ಳಿಯಲ್ಲಿ ನಡೆಯುತ್ತದೆ, ಅಲ್ಲೂ ಒಂದು ಧರ್ಮಾಂಧ ಗುಂಪು. 2018ರ ಫಾರ್ ಕ್ರೈ 5 ಮೊಂಟಾನಾ ರಾಜ್ಯದ ಒಂದು ಕಲ್ಪಿತ ಕೌಂಟಿಯಲ್ಲಿ, ಅಲ್ಲಿ 'ತಂದೆ' ಅಂತ ಕರೆಸಿಕೊಳ್ಳುವ ಜೋಸೆಫ್ ಸೀಡ್ ಎಂಬ ಗುರು, ಅವನ ಹಿಂದೆ ಬಂದೂಕು ಹಿಡಿದ ಭಕ್ತರ ಪಡೆ. ನ್ಯಾಯವಾಗಿ ಹೇಳಬೇಕೆಂದರೆ ಈ ಕೊನೆಯದರಲ್ಲಿ ಹಳ್ಳಿಯವರೇ ಗುರುವಿನ ವಿರುದ್ಧ ಎದ್ದು ನಿಲ್ಲುತ್ತಾರೆ, ಅವರಿಗೆ ಹೆಸರಿದೆ, ಮಾತಿದೆ. ಆ ಆಟದ ಚಿತ್ರ 2017ರಲ್ಲಿ ಹೊರಬಿದ್ದಾಗಲೇ "ನಮ್ಮವರನ್ನು ಖಳರನ್ನಾಗಿ ತೋರಿಸಿದ್ದಾರೆ" ಅಂತ ಅಮೆರಿಕದಲ್ಲಿ ಕೆಲವರು ಗಲಾಟೆ ಎಬ್ಬಿಸಿದರು. ಗಲಾಟೆ ಮಾಡಲಿಕ್ಕೆ ಬಾಯಿ ಇದ್ದವರಿಗೆ ಆಟದೊಳಗೂ ಸ್ವಲ್ಪ ಬಾಯಿ ಸಿಗುತ್ತದೆ ಅಂತ ನನಗೆ ಆಗ ಅನ್ನಿಸಿತು.

ಹಾಗಾದರೆ ಹಳ್ಳಿಯೇ ಯಾಕೆ? ನಾನು ಕಾಮರ್ಸಿನವನು, ನನಗೆ ಕಾಣುವುದು ಖರ್ಚಿನ ಲೆಕ್ಕ. ಆಟಕ್ಕೆ ಹಿಂಡು ಹಿಂಡಾಗಿ ಬರುವ ಶತ್ರು ಬೇಕು. ಅವರ ಮುಖಗಳು ಒಂದೇ ತರ ಇದ್ದರೂ ನಡೆಯಬೇಕು. ಫೋನ್ ಸಿಗಬಾರದು, ಪೊಲೀಸ್ ಬರಬಾರದು, ಸುತ್ತ ಕಾಡು ಇರಬೇಕು. ಕೊಂದರೆ ಕೇಳುವವರು ಯಾರೂ ಇರಬಾರದು. ಇಷ್ಟೆಲ್ಲ ಒಂದೇ ಕಡೆ ಸಿಗುವುದು ದೂರದ ಹಳ್ಳಿಯಲ್ಲಿ. ಮೇಲಾಗಿ ಆ ಹಳ್ಳಿಯವನು ಸಾವಿರಗಟ್ಟಲೆ ಕೊಟ್ಟು ಈ ಆಟ ಕೊಳ್ಳುವ ಗಿರಾಕಿ ಅಲ್ಲ. ಗಿರಾಕಿಯಲ್ಲದವನ ಮನಸ್ಸು ನೋಯಿಸಿದರೆ ನಷ್ಟದ ಬದಿಗೆ ಏನೂ ಬರೆಯಬೇಕಾಗಿಲ್ಲ.

ಇದು ಹೊಸ ವ್ಯಾಪಾರವೂ ಅಲ್ಲ ಬಿಡಿ. 1975ರ 'ಶೋಲೆ'ಗೆ ಡಕಾಯಿತರ ಹಳ್ಳಿ ಬೇಕಾದಾಗ ಮುಂಬಯಿಯ ಸಿನಿಮಾದವರು ನಮ್ಮ ರಾಮನಗರದ ಬಂಡೆಗಳ ನಡುವೆ ಒಂದು ಹಳ್ಳಿ ಕಟ್ಟಿಸಿದರು. ನಮ್ಮ ಗೋರೆಗಾಂವಿನಲ್ಲೇ 1977ರಿಂದ ಫಿಲ್ಮ್ ಸಿಟಿ ಇದೆ. ಅದರೊಳಗೆ ಹಳ್ಳಿಯ ಸೆಟ್ಟು ಬೇಕಾದಾಗ ಎದ್ದು ನಿಲ್ಲುತ್ತದೆ, ಬೇಡದಾಗ ಬಿದ್ದು ಹೋಗುತ್ತದೆ. ಅದರ ಪಕ್ಕಕ್ಕೇ ಆರೇ ಕಾಲೊನಿ. ಅಲ್ಲಿ 20ಕ್ಕೂ ಹೆಚ್ಚು ಆದಿವಾಸಿ ಪಾಡಾಗಳಿವೆ, ವಾರ್ಲಿಗಳು ತಲೆತಲಾಂತರದಿಂದ ಇರುವ ನಿಜವಾದ ಹಳ್ಳಿಗಳು. 2019ರ ಅಕ್ಟೋಬರಿನಲ್ಲಿ ಮೆಟ್ರೋ ಕಾರ್ ಶೆಡ್ಡಿಗಾಗಿ ಅಲ್ಲಿ ರಾತ್ರೋರಾತ್ರಿ ಎರಡು ಸಾವಿರಕ್ಕೂ ಹೆಚ್ಚು ಮರ ಕಡಿದರಲ್ಲ, ಆಗ ನಮ್ಮಲ್ಲಿ ಎಷ್ಟೋ ಜನಕ್ಕೆ "ಗೋರೆಗಾಂವಿನಲ್ಲಿ ಆದಿವಾಸಿಗಳಿದ್ದಾರಾ?" ಅಂತ ಆಶ್ಚರ್ಯ! ಸುಳ್ಳು ಹಳ್ಳಿ ನೋಡಲಿಕ್ಕೆ ಗೇಟಿನಲ್ಲಿ ನಿಲ್ಲುತ್ತೇವೆ, ನಿಜದ ಹಳ್ಳಿಯ ಪಕ್ಕದಲ್ಲೇ ಬಸ್ಸಿನಲ್ಲಿ ಹೋದರೂ ತಿರುಗಿ ನೋಡುವುದಿಲ್ಲ.

ಈಗ ನಮ್ಮ ಕನ್ನಡ ನಾಡಿಗೆ ಬರೋಣ. 2017ರ ಆಗಸ್ಟಿನಲ್ಲಿ 'ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ' ಎಂಬ ಆಟ ಬಂತು. ಅಮೆರಿಕದ ನಾಟಿ ಡಾಗ್ ಎಂಬ ಸಂಸ್ಥೆ ಮಾಡಿದ್ದು, ಸೋನಿಯವರು ಹೊರತಂದದ್ದು. ಕಥೆ ನಡೆಯುವುದು ಪಶ್ಚಿಮ ಘಟ್ಟದಲ್ಲಿ! ಹೊಯ್ಸಳರು ಬಿಟ್ಟುಹೋದ ಗಣೇಶನ ದಂತವನ್ನು ಹುಡುಕುತ್ತಾ ಕ್ಲೋಯಿ ಎಂಬ ಹೆಂಗಸು, ಅವಳ ಜೊತೆಗಾತಿ ನೇಡಿನ್ ಇಬ್ಬರೂ ಹೊರಡುತ್ತಾರೆ. ಕ್ಲೋಯಿಯ ಅಪ್ಪ ಭಾರತೀಯ. ಹಳೇಬೀಡು, ಬೇಲೂರು ಎಂಬ ಹೆಸರುಗಳು ತೆರೆಯ ಮೇಲೆ ಬಂದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಖಳ ಯಾರು? ಆಸವ್ ಎಂಬ ಬಂಡುಕೋರ ಮುಖಂಡ. ಅವನ ಹಿಂದೆ ಬಂದೂಕಿನ ದಂಡು. ಕೊನೆಗೆ ಬಾಂಬು ಹೊತ್ತ ರೈಲು ನಗರದ ಕಡೆ ಹೊರಡುತ್ತದೆ.

ಚಂದದ ಆಟ, ಹಸಿರು ಎಷ್ಟು ಚೆನ್ನಾಗಿದೆ ಅಂತೀರಿ! ಆದರೆ ಆಡುತ್ತಾ ಆಡುತ್ತಾ ಒಂದು ವಿಷಯ ಕುಟುಕತೊಡಗಿತು. ಆ ಘಟ್ಟದಲ್ಲಿ ಆನೆ ಇದೆ, ಕೋತಿ ಇದೆ, ಪಾಳುಬಿದ್ದ ಗುಡಿ ಇದೆ, ಬಂದೂಕು ಹಿಡಿದವರಿದ್ದಾರೆ, ಊರಿನವರಿಲ್ಲ. ನಿಜದ ಹಳೇಬೀಡು ಕಾಡಿನಲ್ಲಿ ಕಳೆದುಹೋದ ನಗರವೇನಲ್ಲ. ಬೇಲೂರಿನಿಂದ 16 ಕಿಲೋಮೀಟರು, ಬಸ್ಸಿದೆ, ಎಳನೀರು ಮಾರುವವರಿದ್ದಾರೆ, ಶಾಲೆ ಮಕ್ಕಳ ಟೂರು ಬಂದು ಇಳಿಯುತ್ತದೆ. ದೋರಸಮುದ್ರದ ಮೇಲೆ 1311ರಲ್ಲಿ ಮಲ್ಲಿಕಾಫರನ ದಂಡು ಬಂತು, ಆಮೇಲೆ ರಾಜಧಾನಿ ಹಾಳಾಯಿತು, ನಿಜ. ಆದರೆ ಜನ ಉಳಿದರು, ಉತ್ತರು, ಬಿತ್ತರು. 2023ರಲ್ಲಿ ಯುನೆಸ್ಕೋದವರು ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಆಟದವರ ಪಟ್ಟಿಯಲ್ಲಿ ಕಲ್ಲು ಇದೆ, ಮನುಷ್ಯರ ಕಾಲಂ ಖಾಲಿ.

ಇನ್ನೂ ಒಂದು ಮಾತು. ಪಶ್ಚಿಮ ಘಟ್ಟದಲ್ಲಿ ನಿಜವಾಗಿಯೂ ಬಂಡುಕೋರರಿದ್ದರು. ಅದು ನನ್ನ ಅಜ್ಜಿ ಮನೆಯ ಹಿಂದಿನ ಕಾಡು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಒಕ್ಕಲೆಬ್ಬಿಸುತ್ತಾರೆ ಎಂಬ ಭಯ ಮಲೆಕುಡಿಯರಲ್ಲಿ, ಸಣ್ಣ ಹಿಡುವಳಿದಾರರಲ್ಲಿ ಹಬ್ಬಿದ ಕಾಲ. ನಕ್ಸಲರು ಬಂದರು. 2003ರ ನವೆಂಬರಿನಲ್ಲಿ ಕಾರ್ಕಳ ಕಡೆಯ ಈದುವಿನಲ್ಲಿ ಇಬ್ಬರು ಹುಡುಗಿಯರು ಗುಂಡಿಗೆ ಬಲಿಯಾದರು. 2005ರ ಫೆಬ್ರವರಿಯಲ್ಲಿ ಸಾಕೇತ್ ರಾಜನ್ ಚಿಕ್ಕಮಗಳೂರಿನ ಕಾಡಿನಲ್ಲಿ ಸತ್ತರು. ಅವರು ಪತ್ರಿಕೋದ್ಯಮ ಓದಿದವರು, ಕರ್ನಾಟಕದ ಇತಿಹಾಸ ಬರೆದವರು. ಅದಾದ ಕೆಲವೇ ದಿನಕ್ಕೆ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಮಲಗಿದ್ದ ಪೊಲೀಸರ ಮೇಲೆ ನಕ್ಸಲರು ಬಿದ್ದು ಕೊಂದರು. ಆ ಪೊಲೀಸರೂ ಬಡವರ ಮಕ್ಕಳೇ. 2024ರ ನವೆಂಬರಿನಲ್ಲಿ ನಮ್ಮ ಹೆಬ್ರಿ ತಾಲೂಕಿನ ವಿಕ್ರಂ ಗೌಡ ಹೆಬ್ರಿಯ ಕಾಡಿನಲ್ಲೇ ಎನ್‌ಕೌಂಟರಿನಲ್ಲಿ ಸತ್ತರು. 2025ರ ಜನವರಿ 8ರಂದು ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದರು.

ಇದನ್ನೆಲ್ಲ ನಾನು ಪೇಪರಿನಲ್ಲಿ ಓದಿದ್ದು. ಮಾವ ಹೇಳಿದ್ದು ಬೇರೆ. "ರಾತ್ರಿ ಅವರು ಬಂದು ಅಕ್ಕಿ ಕೇಳ್ತಿದ್ರು ಮಾರಾಯ. ಬಂದೂಕು ಇದೆ, ಇಲ್ಲ ಅನ್ಲಿಕ್ಕೆ ಆಗ್ತದಾ? ಮುಖ ನೋಡಿದ್ರೆ ಹಸಿವೂ ಇದೆ. ಬೆಳಗಾದ್ರೆ ಇವರು ಬಂದು, ಯಾಕೆ ಕೊಟ್ಟಿರಿ, ಎಷ್ಟು ಸೇರು ಕೊಟ್ಟಿರಿ ಅಂತ. ನಾವು ಎರಡು ಕಡೆಗೂ ಉತ್ತರ ಹೇಳ್ಬೇಕು" ಅಂದರು. ಮಾವ ನಕ್ಸಲರನ್ನು ಹೊಗಳಲಿಲ್ಲ, ತೆಗಳಲೂ ಇಲ್ಲ. ಹೇಳಿ ಮುಗಿಸಿ ಅಡಿಕೆ ಸುಲಿಯಲು ಕೂತರು.

ಗೆಳೆಯರೇ, ಆಟದಲ್ಲಿ ನನಗೆ ಸಿಗದ ಮನುಷ್ಯ ಈ ಅಕ್ಕಿ ಕೊಟ್ಟವನು. ಅಲ್ಲಿ ಹೊಡೆಯುವವರಿದ್ದಾರೆ, ಹೊಡೆಸಿಕೊಳ್ಳುವವರಿದ್ದಾರೆ. ನಡುವೆ ಅಕ್ಕಿ ಡಬ್ಬಿ ಮುಂದೆ ನಿಂತು ಯೋಚಿಸುವವನಿಗೆ ಅಲ್ಲಿ ಜಾಗ ಇಲ್ಲ. ಬಂಡುಕೋರ ಕಾಡಿಗೆ ಯಾಕೆ ಹೋದ ಅಂತ ಕೇಳುವ ಬಟನ್ನೂ ಕಂಟ್ರೋಲರಿನಲ್ಲಿ ಇಲ್ಲ.

"ಹಾಗಾದರೆ ಧರ್ಮದ ಹೆಸರಿನಲ್ಲಿ ಹುಚ್ಚಾಟ ನಡೆಸುವವರು ಇಲ್ಲವೇ ಇಲ್ಲವೋ?" ಅಂತ ಯಾರಾದರೂ ಕೇಳಬಹುದು. ಇದ್ದಾರೆ. 1978ರಲ್ಲಿ ಗಯಾನಾದ ಜೋನ್ಸ್‌ಟೌನಿನಲ್ಲಿ ಒಬ್ಬ ಗುರುವಿನ ಮಾತು ಕೇಳಿ 900ಕ್ಕೂ ಹೆಚ್ಚು ಜನ ಪ್ರಾಣ ಕಳಕೊಂಡರು. 1984ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ರಜನೀಶರ ಆಶ್ರಮದ ಕೆಲವರು ಹೋಟೆಲುಗಳ ತಿಂಡಿಗೆ ರೋಗಾಣು ಬೆರೆಸಿ 700ಕ್ಕೂ ಹೆಚ್ಚು ಜನರನ್ನು ಕಾಯಿಲೆ ಬೀಳಿಸಿದರು. ಹಳ್ಳಿಯ ಜನರ ಮೇಲೆ ಹಾಗೆ ಮಾಡಿದವರು ಹೊರಗಿನಿಂದ ಬಂದು ನೆಲೆಸಿದ ಓದಿದ ಮಂದಿ. 1995ರಲ್ಲಿ ಟೋಕಿಯೋದ ಸುರಂಗ ರೈಲಿನಲ್ಲಿ ವಿಷಾನಿಲ ಬಿಟ್ಟ ಓಮ್ ಶಿನ್ರಿಕ್ಯೋ ಪಂಥದಲ್ಲಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಕಲಿತವರಿದ್ದರು. ಆ ಅನಿಲ ತಯಾರಿಸಲು ಕೊಡಲಿ ಹಿಡಿದ ರೈತನಿಂದ ಆಗುತ್ತಿರಲಿಲ್ಲ.

ನಮ್ಮಲ್ಲೇ ನೋಡಿ. ಮೂಢನಂಬಿಕೆಯ ವಿರುದ್ಧ ದುಡಿದ ನರೇಂದ್ರ ದಾಭೋಲ್ಕರರನ್ನು 2013ರ ಆಗಸ್ಟ್ 20ರಂದು ಕೊಂದದ್ದು ಪುಣೆಯಲ್ಲಿ, ಬೆಳಗಿನ ವಾಕಿಂಗ್ ಹೊತ್ತಿನಲ್ಲಿ. ಕಲಬುರ್ಗಿ ಮೇಷ್ಟ್ರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆ ಬಾಗಿಲಲ್ಲಿ. ಗೌರಿ ಲಂಕೇಶರನ್ನು 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ಅವರ ಮನೆ ಮುಂದೆ. ಕೊಲೆಗಾರರು ಬಂದದ್ದು ಮೋಟಾರ್ ಬೈಕಿನಲ್ಲಿ, ಡಾಂಬರು ರಸ್ತೆಯಲ್ಲಿ. ಅವರ ಕೈಯಲ್ಲಿ ದೀವಟಿಗೆ ಇರಲಿಲ್ಲ. ಮುಖಕ್ಕೆ ಬಣ್ಣವೂ ಇರಲಿಲ್ಲ. ಲೋಕಲ್ ಟ್ರೇನಿನಲ್ಲಿ ನಮ್ಮ ಪಕ್ಕದಲ್ಲಿ ಕೂತರೆ ಗೊತ್ತೂ ಆಗುತ್ತಿರಲಿಲ್ಲ. ಖಳ ಅಂದರೆ ಕಾಡಿನವನು ಅಂತ ಕಣ್ಣಿಗೆ ಅಭ್ಯಾಸ ಮಾಡಿಸಿದರೆ ಇಂಥವರು ಕಣ್ಣಿಗೆ ಬೀಳುವುದೇ ಇಲ್ಲ. ನನಗೆ ಹೆದರಿಕೆ ಇರುವುದು ಇದರ ಬಗ್ಗೆ.

ಹಾಗಂತ ನಮ್ಮ ಹಳ್ಳಿ ದೇವಲೋಕ ಅಂತ ನಾನು ಹೇಳುತ್ತಿಲ್ಲ. ನೇಮದ ಅಂಗಳದಲ್ಲೇ ಯಾರು ಎಲ್ಲಿ ನಿಲ್ಲಬೇಕು, ಯಾರಿಗೆ ಮೊದಲು ಪ್ರಸಾದ ಎಂಬುದರಲ್ಲಿ ಜಾತಿ ಇದೆ. ನಲಿಕೆ, ಪರವ, ಪಂಬದರ ಮನುಷ್ಯ ದೈವವಾಗಿ ನುಡಿ ಕೊಡುವಾಗ ಗುತ್ತಿನ ಯಜಮಾನ ಕೈಮುಗಿದು ನಿಲ್ಲುತ್ತಾನೆ. ಬೆಳಗಾದ ಮೇಲೆ ಅದೇ ಮನುಷ್ಯ ಅದೇ ಯಜಮಾನನ ಮನೆಯ ಜಗಲಿ ಹತ್ತಲು ಯೋಚಿಸಬೇಕು. ಇದನ್ನು ಬೈಯಬೇಕು, ಜೋರಾಗಿಯೇ ಬೈಯಬೇಕು. ಆದರೆ ಬೈಯಬೇಕಾದರೂ ಮೊದಲು ಅಲ್ಲಿರುವವರು ಮನುಷ್ಯರು ಅಂತ ಗೊತ್ತಿರಬೇಕಲ್ಲ? ಹುಳ ಹೊಕ್ಕ ದನ ಅಂದುಕೊಂಡರೆ ಜಗಳವೂ ಸಾಧ್ಯವಿಲ್ಲ, ಗುಂಡು ಮಾತ್ರ ಸಾಧ್ಯ.

ಆಟಗಳನ್ನು ನಿಷೇಧಿಸಿ ಅಂತ ನಾನು ಕೂಗುವುದಿಲ್ಲ. ನಾನೇ ಮುಂದಿನ ಭಾನುವಾರ ಆಡುವವನು. ನನ್ನ ಮಾತು ನಮ್ಮವರಿಗೆ. ಫಾರ್ ಕ್ರೈ ಮಾಡುವ ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ 2008ರಲ್ಲಿ ಪುಣೆಯಲ್ಲಿ ಒಂದು ಸ್ಟುಡಿಯೋ ಕೊಂಡುಕೊಂಡಿತು, 2018ರಲ್ಲಿ ಮುಂಬಯಿಯಲ್ಲಿ ಸ್ಟುಡಿಯೋ ತೆರೆಯಿತು. ಪುಣೆಯ ಕೆಲವೇ ಹುಡುಗರು ಸೇರಿ ಮಾಡಿದ 'ರಾಜಿ' ಎಂಬ ಆಟ 2020ರಲ್ಲಿ ಹೊರದೇಶಗಳಲ್ಲೂ ಹೆಸರು ಮಾಡಿತು. ಅಂದರೆ ಇದೆಲ್ಲ ದೂರದ ಸ್ವರ್ಗವೇನಲ್ಲ. ನಮ್ಮಲ್ಲಿ ಕಂಪ್ಯೂಟರ್ ಕಲಿಯುವವರಿದ್ದಾರೆ, ಚಿತ್ರ ಬರೆಯುವವರಿದ್ದಾರೆ. ಕನ್ನಡದಲ್ಲಿ ಕಥೆ ಬರೆಯುವವರು ಈ ಸಂಘದಲ್ಲೇ ಇದ್ದಾರೆ. ಒಂದು ಆಟದಲ್ಲಾದರೂ ಅಕ್ಕಿ ಕೊಟ್ಟವನ ಬಾಗಿಲಿನಿಂದ ಕಥೆ ಶುರುವಾಗಲಿ. ರಾತ್ರಿ ಬಾಗಿಲು ತಟ್ಟುವ ಸದ್ದು. ತೆರೆಯಬೇಕೋ ಬೇಡವೋ? ಆಡುವವನು ತೀರ್ಮಾನಿಸಲಿ. ಯಾವ ಬಂದೂಕಿಗಿಂತಲೂ ಅದು ಕಷ್ಟದ ಆಟ ಆದೀತು.

ಗೆಳೆಯನಿಗೆ ಆ ವಿಡಿಯೋವನ್ನು ಇನ್ನೊಮ್ಮೆ ತೋರಿಸಿದೆ. ಈ ಸಲ "ಚಾಪೆ ಮೇಲೆ ಕೂತವಳು ನಮ್ಮ ಅಜ್ಜಿ" ಅಂತ ಮೊದಲೇ ಹೇಳಿದೆ. ಅವನು ನಗಲಿಲ್ಲ. ಪೂರ್ತಿ ನೋಡಿ, "ಕತ್ತಿ ಹಿಡಿದವನು ಅಜ್ಜಿ ಹತ್ರ ಏನು ಹೇಳ್ತಿದ್ದಾನೆ?" ಅಂತ ಕೇಳಿದ. "ಕಾಲು ನೋವು ಕಡಿಮೆ ಆಗ್ತದೆ ಅಂತ" ಎಂದೆ. ಬರುವ ನೇಮಕ್ಕೆ ಅವನನ್ನೂ ಕರೆದಿದ್ದೇನೆ. ಮತ್ಸ್ಯಗಂಧದಲ್ಲಿ ಟಿಕೆಟ್ ಮಾಡಿಸಬೇಕು, ವೇಟಿಂಗ್ ಲಿಸ್ಟ್ ಆಗದಿದ್ದರೆ ಸಾಕು.